ಹೆಬ್ಬೆರಳಿನ ಹಿಂದೆ ಒಂದು ಕೋವಿ

‘ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ’ ಅಂತ ಇವತ್ತು ಬೆಳಿಗ್ಗೆ ಮತ್ತೆ ಇಮೇಲ್ ಬಂತು. ಹೋದ ಸಲದ್ದಕ್ಕೂ ಇದಕ್ಕೂ ಒಂದೇ ವ್ಯತ್ಯಾಸ. ಆಗ ಕೊನೆಯಲ್ಲಿ ಒಂದು ‘ಧನ್ಯವಾದ’ ಇತ್ತು, ಈ ಸಲ ಅದನ್ನೂ ಕಿತ್ತುಕೊಂಡಿದ್ದಾರೆ. ಕೆಳಗೆ, ಇದಕ್ಕೆ ಉತ್ತರ ಬರೆಯಬೇಡಿ, ಈ ವಿಳಾಸವನ್ನು ಯಾರೂ ನೋಡುವುದಿಲ್ಲ ಅಂತ ಒಂದು ಸಾಲು. ಅಂದರೆ ಬೈಯುವುದಕ್ಕೂ ಅಲ್ಲಿ ಒಬ್ಬ ಮನುಷ್ಯ ಇಲ್ಲ.

ನಾನು ಕೇಳಿದ್ದಾದರೂ ಏನು? ಕೆನಡಾದಲ್ಲಿರುವ ನಾನು, ಅಮೆರಿಕದಲ್ಲಿರುವ ಒಬ್ಬ ಅಜ್ಜನ ಹತ್ತಿರ ಜಿಂಕೆ ಬೇಟೆಗೆ ಒಂದು ಹಳೇ ಕೋವಿ ಕೊಳ್ಳಬೇಕು. ಅವರಿಗೆ ಮಾರುವ ಆಸೆ, ನನಗೆ ಕೊಳ್ಳುವ ಆಸೆ, ಬೆಲೆಯೂ ಕುದುರಿದೆ. ಮಧ್ಯದಲ್ಲಿ ಒಂದು ಗಡಿ ಇದೆ. ಅಷ್ಟೇ.

‘ಇಲ್ಲಿ ಸಿಗಲ್ವೇನ್ರೀ?’ ಅಂತ ಮನೆಯಲ್ಲಿ ಹೆಂಡತಿ ಮೊದಲ ದಿನವೇ ಕೇಳಿದಳು. ಸಿಗುತ್ತದೆ, ಬೇಕಾದಷ್ಟು ಸಿಗುತ್ತದೆ. ನನಗೆ ಬೇಕಾದ ವಿಂಚೆಸ್ಟರ್ 94 ಅನ್ನುವುದು 1894ರಲ್ಲಿ ಶುರುವಾದ ಮಾಡೆಲ್, 70 ಲಕ್ಷಕ್ಕಿಂತ ಜಾಸ್ತಿ ತಯಾರಾಗಿದೆ. ಆದರೆ 1964ರಲ್ಲಿ ಖರ್ಚು ಉಳಿಸುವುದಕ್ಕೆ ತಯಾರಿಕೆಯ ರೀತಿ ಬದಲಾಯಿಸಿದರು. ಅವತ್ತಿನಿಂದ ಕೋವಿ ಹುಚ್ಚಿನವರ ಪೈಕಿ ‘ಪ್ರೀ-64’, ಅಂದರೆ 64ಕ್ಕೆ ಮುಂಚಿನದು, ಅನ್ನುವ ಒಂದು ಮೇಲುಜಾತಿಯೇ ಹುಟ್ಟಿಕೊಂಡಿದೆ. ಹಾಗಂತ ಎಲ್ಲ ಪ್ರೀ-64ಗಳೂ ಚೆನ್ನಾಗಿರುತ್ತವೆ ಅಂತಲ್ಲ. ಈ ಹಳೇ ಕೋವಿ ಖಾಲಿ ತೋಟಾವನ್ನು ನೆತ್ತಿಯ ಮೇಲಿಂದ ಹೊರಗೆಸೆಯುತ್ತದೆ, ಅಲ್ಲಿ ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್ ಕೂರಿಸಿದರೆ ತೋಟಾ ಬಂದು ಅದಕ್ಕೇ ಬಡಿಯುತ್ತದೆ. ಅದಕ್ಕೆ ಹಿಂದಿನ ಯಾರೋ ಪುಣ್ಯಾತ್ಮರು ಪಕ್ಕದಲ್ಲಿ ಡ್ರಿಲ್ ಇಟ್ಟು ತೂತು ಕೊರೆದು ಸ್ಕೋಪ್ ನೇತುಹಾಕಿರುತ್ತಾರೆ. ಆಮೇಲೆ ಸ್ಕೋಪನ್ನು ಬಿಚ್ಚಿಕೊಂಡು ಕೋವಿಯನ್ನು ತೂತಿನ ಸಮೇತ ಮಾರುತ್ತಾರೆ. ನಾನು ಈ ಕಡೆ ನೋಡಿದ್ದೆಲ್ಲ ಕಿವಿ ಚುಚ್ಚಿಸಿಕೊಂಡವೇ. ಅಜ್ಜನ ಕೋವಿಗೆ ತೂತಿರಲಿಲ್ಲ, ಬೆಲೆಯೂ ಕಮ್ಮಿ ಇತ್ತು. ಯಾರಾದರೂ ಬಿಡುತ್ತಾರಾ?

ಪೇಪರ್ ಕೆಲಸ ಅಂದರೆ ನನಗೆ ಹೊಸದಲ್ಲ. ಕೆನಡಾದಲ್ಲಿ ಕೋವಿ ಲೈಸೆನ್ಸ್ ಬೇಕು ಅಂದರೆ ಮೊದಲು ಸುರಕ್ಷತಾ ಕೋರ್ಸ್, ಪರೀಕ್ಷೆ, ಹೊಸಬರಾದರೆ ಕಡಿಮೆ ಅಂದರೂ 28 ದಿನ ಕಾಯುವುದು. ಅರ್ಜಿಯಲ್ಲಿ ಹೆಂಡತಿಯ ಸಹಿಗೂ ಒಂದು ಜಾಗ ಇದೆ. ಸಹಿ ಮಾಡದಿದ್ದರೆ ಅವರೇ ಅವಳಿಗೆ ವಿಷಯ ತಿಳಿಸುತ್ತಾರೆ. ಎರಡು ವರ್ಷದ ಒಳಗೆ ಬಿಟ್ಟುಹೋದ ಹೆಂಡತಿ ಇದ್ದರೆ ಅವಳಿಗೂ ತಿಳಿಸುತ್ತಾರೆ. ಇದು ಬಹಳ ಬುದ್ಧಿವಂತಿಕೆಯ ನಿಯಮ, ನನ್ನ ತಕರಾರಿಲ್ಲ. ನಮ್ಮವಳು ಸಹಿ ಮಾಡುವ ಮೊದಲು ಪೆನ್ನನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದುಕೊಂಡಿದ್ದಳು, ಆ ಸಮಯದಲ್ಲಿ ಹಳೆಯ ಒಂದೆರಡು ವಿಷಯಗಳೂ ಇತ್ಯರ್ಥವಾದವು.

ಅದೆಲ್ಲ ಒಂದು ದೇಶದ ಒಳಗಿನ ಮಾತು. ಗಡಿ ದಾಟಬೇಕಾದರೆ ಮೊದಲು ಈ ಕಡೆಯ ಸರ್ಕಾರ ‘ಇವನು ತರಿಸಿಕೊಳ್ಳುವುದಕ್ಕೆ ನಮ್ಮ ಒಪ್ಪಿಗೆ ಇದೆ’ ಅಂತ ಆಮದು ಸರ್ಟಿಫಿಕೇಟ್ ಕೊಡಬೇಕು. ಅದನ್ನು ತೋರಿಸಿ ಆ ಕಡೆಯ ಸರ್ಕಾರದಿಂದ ರಫ್ತು ಲೈಸೆನ್ಸ್ ತಗೊಳ್ಳಬೇಕು. ಇಂಥ ಬೇಟೆಯ ಕೋವಿಗಳ ರಫ್ತನ್ನು ಅಮೆರಿಕದಲ್ಲಿ ಮೊದಲು ವಿದೇಶಾಂಗ ಇಲಾಖೆ ನೋಡಿಕೊಳ್ಳುತ್ತಿತ್ತು, 2020ರ ಮಾರ್ಚ್‌ನಿಂದ ಅದು ವಾಣಿಜ್ಯ ಇಲಾಖೆಗೆ ಬಂದಿದೆ. ಅಜ್ಜನಿಗೆ ಈ ಸುದ್ದಿ ಮುಟ್ಟಿರಲಿಲ್ಲ. ಅವರು ಹಳೇ ಇಲಾಖೆಗೆ ತಮ್ಮ ಕೈಯಲ್ಲೇ ಒಂದು ಚೆಂದದ ಪತ್ರ ಬರೆದು, ಸ್ಟಾಂಪ್ ಅಂಟಿಸಿ, ಉತ್ತರಕ್ಕೆ ಕಾಯುತ್ತಾ ಕೂತಿದ್ದರು. ನಾನು ಅವರ ಉತ್ತರಕ್ಕೆ ಕಾಯುತ್ತಾ ಕೂತಿದ್ದೆ.

ಮೈ ಉರಿಯುವುದು ಎಲ್ಲಿ ಗೊತ್ತಾ? ಇದೇ ಅಜ್ಜ ಇದೇ ಕೋವಿಯನ್ನು ಕಾರಿನಲ್ಲಿ ಹಾಕಿಕೊಂಡು ಕೆನಡಾಕ್ಕೆ ಬೇಟೆಗೆ ಬರುತ್ತೇನೆ ಅಂದರೆ, ನಮ್ಮ ಗಡಿಯಲ್ಲಿ ಒಂದು ಫಾರ್ಮ್ ತುಂಬಿ ಒಂದಿಷ್ಟು ಶುಲ್ಕ ಕಟ್ಟಿದರೆ ಸಾಕು. 60 ದಿನ ಇಟ್ಟುಕೊಂಡು ಓಡಾಡಬಹುದು. ಅಂದರೆ ಕೋವಿ ನೆಂಟನಾಗಿ ಬಂದರೆ ಒಂದು ಹಾಳೆ, ಸೊಸೆಯಾಗಿ ಬಂದರೆ ಎರಡು ಸರ್ಕಾರ.

ಸರಿ, ಗಡಿ ದಾಟಿಸುವ ಕೆಲಸಕ್ಕೆ ಅಂತಲೇ ಇರುವ ಒಬ್ಬ ಏಜೆಂಟನ್ನು ಹಿಡಿದೆ. ಅವರು ಬಹಳ ಸಭ್ಯವಾಗಿ ಕೇಳಿದ್ದು ನಾಲ್ಕೇ ವಿಷಯ. ಯಾರು ತಯಾರಿಸಿದ್ದು, ಯಾವ ಮಾಡೆಲ್, ಯಾವ ಕ್ಯಾಲಿಬರ್ (ಅಂದರೆ ಯಾವ ಅಳತೆಯ ತೋಟಾ), ಸೀರಿಯಲ್ ನಂಬರ್ ಏನು. ಜೊತೆಗೆ ನಂಬರಿನ ಒಂದು ಸ್ಪಷ್ಟವಾದ ಫೋಟೋ.

ಇಲ್ಲಿಂದ ಹೆಬ್ಬೆರಳಿನ ಕಥೆ ಶುರು.

ಈ ಮಾಡೆಲ್‌ನಲ್ಲಿ ನಂಬರ್ ಇರುವುದು ಕೆಳಗಡೆ, ತೋಟಾ ಏರಿಸುವ ಲಿವರ್‌ನ ಮುಂದೆ, ಉಕ್ಕಿನ ಮೇಲೆ. ಏಳಂಕಿಯ ನಂಬರ್. ಅಜ್ಜ ಕೋವಿಯನ್ನು ಅಂಗಾತ ಮಲಗಿಸಿ ಫೋಟೋ ಕಳಿಸಿದರು. ಫೋಟೋ ತುಂಬ ಚೆನ್ನಾಗಿತ್ತು. ಬೆಳಕು ಚೆನ್ನಾಗಿತ್ತು, ಟೇಬಲ್ಲಿನ ಮೇಲಿನ ಬಟ್ಟೆಯ ಹೂವು ಎಣಿಸಬಹುದಾಗಿತ್ತು. ನಂಬರಿನ ಮೊದಲ ಎರಡು ಅಂಕಿಯ ಮೇಲೆ ಅಜ್ಜನ ಬಲಗೈ ಹೆಬ್ಬೆರಳು ಕೂತಿತ್ತು.

ಹೋಗಲಿ, ಆ ಎರಡು ಅಂಕಿ ಮುಖ್ಯವಲ್ಲವೇನೋ ಅಂದುಕೊಳ್ಳೋಣ ಅಂದರೆ, ಅವೇ ಮುಖ್ಯ. 27 ಲಕ್ಷದ ಒಳಗಿದ್ದರೆ ಪ್ರೀ-64, ಮೇಲಿದ್ದರೆ ಅಲ್ಲ. ಬೇರೆ ಐದು ಅಂಕಿಗಳ ಮೇಲೆ ಐದು ಬೆರಳಿಟ್ಟಿದ್ದರೂ ನಾನು ಇಷ್ಟು ಸಂಕಟಪಡುತ್ತಿರಲಿಲ್ಲ.

ಬೆರಳು ಸ್ವಲ್ಪ ಸರಿಸಿ ಅಂತ ಬರೆದೆ. ಸರಿಸಿದರು. ಕೊನೆಯ ಎರಡು ಅಂಕಿಯ ಮೇಲಕ್ಕೆ. ಎರಡು ಫೋಟೋ ಜೋಡಿಸಿ ಕಳಿಸಿದರೆ, ಒಂದೇ ಫೋಟೋದಲ್ಲಿ ಏಳೂ ಅಂಕಿ ಬೇಕು ಅಂದರು ಏಜೆಂಟ್. ದಯವಿಟ್ಟು ಬೆರಳಿಲ್ಲದ ಫೋಟೋ ಕಳಿಸಿ ಅಂತ ದಪ್ಪ ಅಕ್ಷರದಲ್ಲಿ ಬರೆದೆ. ಬೆರಳಿಲ್ಲದ ಫೋಟೋ ಬಂತು. ಅದರಲ್ಲಿ ಕೋವಿಯೂ ಇರಲಿಲ್ಲ, ಬರೀ ಟೇಬಲ್ ಬಟ್ಟೆ. ಪಕ್ಕದಲ್ಲಿ ಅಳತೆಗೆ ಏನಾದರೂ ಇಟ್ಟರೆ ಒಳ್ಳೆಯದು ಅಂತ ಏಜೆಂಟ್ ಬಾಯ್ತಪ್ಪಿ ಹೇಳಿದ್ದನ್ನು ಅಜ್ಜನಿಗೆ ದಾಟಿಸಿದೆ ನೋಡಿ, ಮುಂದಿನ ಫೋಟೋದಲ್ಲಿ ಒಂದು ನಾಣ್ಯ ಬಂತು. ನಂಬರಿನ ಮೇಲೆ. ನಾಣ್ಯ ಜಾರದ ಹಾಗೆ ಹೆಬ್ಬೆರಳು.

ಫೋನಿನಲ್ಲೇ ಓದಿ ಹೇಳಿ ಅಂದೆ. ಕೊನೆಯಿಂದ ಎರಡನೆಯದು 3 ಅಂದರು. ಮರುದಿನ ಅವರೇ ಫೋನ್ ಮಾಡಿ, ಕನ್ನಡಕ ಹಾಕಿಕೊಂಡು ನೋಡಿದೆ, 8 ಅಂದರು. ಅದಾದ ಮೇಲೆ ಅದು ಓದುವ ಕನ್ನಡಕ ಅಲ್ಲ, ಟಿವಿ ನೋಡುವ ಕನ್ನಡಕ ಅಂತ ಗೊತ್ತಾಯಿತು.

ದ್ರೋಣಾಚಾರ್ಯರು ಏಕಲವ್ಯನ ಹೆಬ್ಬೆರಳನ್ನೇ ಕೇಳಿದರಲ್ಲ ಅಂತ ನನಗೆ ಚಿಕ್ಕಂದಿನಿಂದ ಅವರ ಮೇಲೆ ಸಿಟ್ಟಿತ್ತು. ಈಗ ಅಷ್ಟಿಲ್ಲ. ಪಾಪ, ಅವರಿಗೂ ಯಾರಾದರೂ ಬಿಲ್ಲಿನ ಫೋಟೋ ಕಳಿಸಿದ್ದರೋ ಏನೋ.

ಮೊದಲ ಫೋಟೋದಲ್ಲಿ ಆ ಬೆರಳಿನ ಉಗುರಿನ ಬುಡದಲ್ಲಿ ಒಂದು ಕಪ್ಪು ಕಲೆ ಇತ್ತು. ಸಾಮಾನಿನ ಪೆಟ್ಟಿಗೆಯ ಮುಚ್ಚಳ ಬಿದ್ದು ರಕ್ತ ಹೆಪ್ಪುಗಟ್ಟಿದ್ದಂತೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಆಮದು ಸರ್ಟಿಫಿಕೇಟಿಗೆ ಅರ್ಜಿ ಹಾಕಿದಾಗ ಕಲೆ ಬುಡದಿಂದ ಸ್ವಲ್ಪ ಮೇಲೆ ಬಂದಿತ್ತು. ಯಾವುದೋ ಒಂದು ಕಚೇರಿಯವರು, ಬ್ಯಾರೆಲ್ ಮೇಲೆ ‘30 ಡಬ್ಲ್ಯೂ.ಸಿ.ಎಫ್’ ಅಂತ ಇದೆ, ಅರ್ಜಿಯಲ್ಲಿ ‘ಥರ್ಟಿ-ಥರ್ಟಿ’ ಅಂತ ಇದೆ, ಇದು ಎರಡು ಕೋವಿಯಾ ಅಂತ ಕೇಳಿದಾಗ ಕಲೆ ಉಗುರಿನ ನಡುವೆ ಇತ್ತು. ಎರಡೂ ಒಂದೇ ತೋಟಾದ ಹೆಸರು, 1895ರಿಂದ ಒಂದೇ, ಅಂತ ನಾವು ವಿವರಣೆ ಬರೆದು ಅವರು ಅದನ್ನು ಒಪ್ಪುವ ಹೊತ್ತಿಗೆ ಕಲೆ ತುದಿಗೆ ಬಂದಿತ್ತು. ಸರ್ಕಾರದ ವೆಬ್‌ಸೈಟಿನಲ್ಲಿ ಅರ್ಜಿ ಎಲ್ಲಿದೆ ಅಂತ ತೋರಿಸುವ ಹಸಿರು ಗೆರೆಗಿಂತ ಈ ಉಗುರು ನಂಬಿಕಸ್ಥ. ಅದಾದರೂ ಮುಂದೆ ಹೋಗುತ್ತಿತ್ತು.

ಇದರ ಮಧ್ಯೆ ನನ್ನ ಫೋನ್ ತನ್ನ ಪಾಡಿಗೆ ಫೋಟೋಗಳನ್ನೆಲ್ಲ ಒಟ್ಟುಮಾಡಿ ‘ನಿಮ್ಮ ಮಧುರ ನೆನಪುಗಳು’ ಅಂತ ಒಂದು ವಿಡಿಯೋ ಮಾಡಿಕೊಟ್ಟಿತು. ಹಿನ್ನೆಲೆಯಲ್ಲಿ ಮೆಲ್ಲಗೆ ಪಿಯಾನೋ. ಹೆಬ್ಬೆರಳು ದೂರದಿಂದ, ಹೆಬ್ಬೆರಳು ಹತ್ತಿರದಿಂದ, ಹೆಬ್ಬೆರಳು ನಾಣ್ಯದ ಜೊತೆ. ಹೆಂಡತಿ ಹಿಂದಿನಿಂದ ಬಂದು ಪೂರ್ತಿ ನೋಡಿದಳು. ‘ರೀ, ಇದು ಯಾರದ್ದು?’ ಅಂದಳು. ಎಲ್ಲಿಂದ ಶುರು ಮಾಡಿ ಹೇಳಲಿ?

ಕೊನೆಗೆ ವಿಡಿಯೋ ಕಾಲ್ ಮಾಡಿಸಿದೆ. ನಾನೇ ನೋಡಿ ಬರೆದುಕೊಳ್ಳುತ್ತೇನೆ, ನೀವು ಕೋವಿಯನ್ನು ಸುಮ್ನೆ ಮೇಜಿನ ಮೇಲಿಡಿ, ಮುಟ್ಟಬೇಡಿ ಅಂದೆ. ಆಗ ಗೊತ್ತಾಯಿತು. ಅಜ್ಜನ ಎರಡು ಕೈಯೂ ನಡುಗುತ್ತವೆ. ಫೋನ್ ಹಿಡಿದ ಕೈ ಅಲ್ಲಾಡಿ ಚಿತ್ರ ಮಸುಕಾಗುತ್ತದೆ ಅಂತ ಅವರು ಇನ್ನೊಂದು ಕೈಯನ್ನು ಕೋವಿಯ ಮೇಲೆ ಒತ್ತಿ ಹಿಡಿದು, ಅದರ ಆಧಾರದಲ್ಲಿ ಮೈಯನ್ನೇ ನಿಲ್ಲಿಸಿಕೊಂಡು ಫೋಟೋ ತೆಗೆಯುತ್ತಿದ್ದರು. ಇಷ್ಟು ದಿನ ನಾನು ಅದಕ್ಕೆ ದಪ್ಪ ಅಕ್ಷರದಲ್ಲಿ ಉತ್ತರ ಬರೆಯುತ್ತಿದ್ದೆ. ಅವತ್ತು ಅವರೂ ಸ್ವಲ್ಪ ಜಾಸ್ತಿ ಮಾತಾಡಿದರು. ಕೋವಿ ಅವರ ಅಪ್ಪನದು. ಮರದ ಹಿಡಿಯಲ್ಲಿ ಕೆನ್ನೆ ತಾಗುವ ಜಾಗ ಇಬ್ಬರದ್ದೂ ಸೇರಿ ಸವೆದು ಬೇರೆಯೇ ಬಣ್ಣ ಬಂದಿದೆ. ಮಗನಿಗೆ ಬೇಟೆ ಬೇಡ, ಬೆಳಗಿನ ಚಳಿ ಆಗಲ್ಲ. ಮೊಮ್ಮಗಳು ಮಾಂಸವನ್ನೇ ಬಿಟ್ಟಿದ್ದಾಳೆ, ತಾತ ಕೋವಿ ಒರೆಸುತ್ತಾ ಕೂತರೆ ಎದ್ದು ಬೇರೆ ಕೋಣೆಗೆ ಹೋಗುತ್ತಾಳಂತೆ. ಅಂಗಡಿಗೆ ಕೊಟ್ಟರೆ ಯಾರಾದರೂ ತೂತು ಕೊರೀತಾರೆ, ಅದಕ್ಕೇ ನಿಮಗೆ ಕೊಡ್ತಿದ್ದೀನಿ ಅಂದರು. ಬೆಲೆ ಯಾಕೆ ಕಮ್ಮಿ ಇತ್ತು ಅಂತಲೂ ಆಗಲೇ ಅರ್ಥವಾಗಿದ್ದು.

ಅಂದಹಾಗೆ ನಂಬರ್ ಸಿಕ್ಕಿತು. ಪ್ರೀ-64. ಕೊನೆಯಿಂದ ಎರಡನೆಯದು ಮೂರೂ ಅಲ್ಲ, ಎಂಟೂ ಅಲ್ಲ, ಆರು.

‘ಮುಂದೆ ಇಂಡಿಯಾಕ್ಕೆ ತಗೊಂಡು ಹೋಗ್ತೀಯಾ?’ ಅಂತ ಗೆಳೆಯರು ಕೇಳುತ್ತಾರೆ. ಅಲ್ಲಿ ಬೇಟೆಯ ಮಾತೇ ಎತ್ತುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಬೇಟೆ ಬಿಡಿ, ಗೋಡೆಗೆ ತಗುಲಿಹಾಕುವುದಕ್ಕೆ ಅಂದರೂ, ವಾಸ ಬದಲಾಯಿಸಿ ವಾಪಸ್ ಹೋಗುವವರಿಗೆ ಮಾತ್ರ ಒಂದೇ ಒಂದು ಕೋವಿ. ಹೊರಗೆ ಒಂದು ವರ್ಷವಾದರೂ ಬಳಸಿರಬೇಕು, ಇಂಡಿಯಾದ ಲೈಸೆನ್ಸ್ ಇರಬೇಕು, ಸುಂಕ ಕಟ್ಟಬೇಕು. ಆಮೇಲೆ ಜೀವ ಇರುವವರೆಗೂ ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ, ಸಾಲವಾಗಿ ಕೂಡ. ಮದುವೆಯಲ್ಲೂ ಇಷ್ಟು ಗಟ್ಟಿಯಾದ ಷರತ್ತು ನಾನು ನೋಡಿಲ್ಲ.

ಸದ್ಯಕ್ಕೆ ರಫ್ತು ಲೈಸೆನ್ಸ್ ಒಂದು ಬರಬೇಕು. ಕೋವಿ ಇನ್ನೂ ಅಜ್ಜನ ಮನೆಯಲ್ಲೇ ಇದೆ. ನಿನ್ನೆ ಫೋನ್ ಮಾಡಿದ್ದರು. ನವೆಂಬರ್ ಬರ್ತಾ ಇದೆ, ಜಿಂಕೆ ಸೀಸನ್, ನಿಮ್ಮ ಪೇಪರ್ ಹೇಗೂ ತಡ, ಒಂದು ಸಲ ಕಾಡಿಗೆ ತಗೊಂಡು ಹೋಗಿ ಬರಲಾ ಅಂತ ಕೇಳಿದರು. ನಿಮ್ಮ ಕೋವಿ, ನನ್ನನ್ನ್ಯಾಕೆ ಕೇಳ್ತೀರಿ, ಧಾರಾಳವಾಗಿ ಹೋಗಿ ಬನ್ನಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಅಲ್ಲ, ಒಂದರ್ಥದಲ್ಲಿ ನಿಮ್ಮ ಪರವಾಗಿ ಟೆಸ್ಟ್ ಮಾಡಿದ ಹಾಗೇ ಆಯ್ತು ಅಲ್ವಾ, ತೋಟಾ ಬಾಕ್ಸಿನ ದುಡ್ಡು ನಿಮ್ಮ ಲೆಕ್ಕಕ್ಕೆ ಸೇರಿಸಲಾ?’ ಅಂದರು.

ಅರ್ಧ ಕೊಡ್ತೀನಿ ಅಂದಿದ್ದೇನೆ. ಯೋಚನೆ ಮಾಡಿ ಪತ್ರ ಬರೀತಾರಂತೆ.