ಉಳಿದ ಹದಿಮೂರು ಗಂಟೆ ಎಲ್ಲಿ ಹೋಯಿತು?

ಯಂತ್ರ ಬಂತು, ಮನುಷ್ಯನ ಕೆಲಸ ಹಗುರವಾಯಿತು ಅಂತ ಶಾಲೆಯಿಂದಲೂ ಓದಿಕೊಂಡು ಬಂದಿದ್ದೇವೆ. ನನಗೆ ಈ ಮಾತು ಅರ್ಧ ಮಾತ್ರ ನಿಜ ಅನಿಸುತ್ತದೆ. ಹೊಲಿಗೆ ಮಿಷಿನ್ ಒಂದನ್ನೇ ತಗೊಳ್ಳಿ.

ಕೈಹೊಲಿಗೆಯ ಸೂಜಿಗೆ ಕಣ್ಣು ಹಿಂದಿನ ತುದಿಯಲ್ಲಿರುತ್ತದೆ. ಪ್ರತಿ ಹೊಲಿಗೆಗೂ ಇಡೀ ಸೂಜಿ ಬಟ್ಟೆ ದಾಟಬೇಕು, ದಾರವನ್ನು ಪೂರ್ತಿ ಎಳೆಯಬೇಕು. ಮಿಷಿನ್ ಸೂಜಿಗೆ ಕಣ್ಣು ಮೊನೆಯ ಹತ್ತಿರವೇ ಇದೆ. ಅದು ತುಸು ಕೆಳಗೆ ಇಳಿಯುತ್ತದೆ, ದಾರ ಅಲ್ಲಿ ಸಣ್ಣ ಕುಣಿಕೆಯಾಗುತ್ತದೆ, ಕೆಳಗಿನ ದಾರ ಅದರೊಳಗೆ ಸಿಕ್ಕಿಕೊಳ್ಳುತ್ತದೆ, ಸೂಜಿ ಮೇಲೆ ಬರುವಾಗ ಎರಡೂ ಬಿಗಿಯಾಗುತ್ತವೆ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಮಿಷಿನ್‌ನಲ್ಲಿ ಸೂಜಿ ಅಡ್ಡಡ್ಡ ಓಡಾಡುತ್ತಿತ್ತು, ಆದರೆ ಹೊಲಿಗೆ ಬೀಳುತ್ತಿದ್ದದ್ದು ಹೀಗೆಯೇ. ಆಮೇಲೆ ಐಸಾಕ್ ಸಿಂಗರ್ ಕಂಪನಿ ಕಂತಿನ ಮೇಲೆ ಮಾರಲು ಶುರುಮಾಡಿತು, ಮಿಷಿನ್ ಸಾಮಾನ್ಯರ ಮನೆಗೂ ಬಂತು.

ಆ ಕಾಲದವರು ಹಾಕಿದ ಲೆಕ್ಕ ಕೇಳಿ. ಗಂಡಸರ ಒಂದು ಶರ್ಟ್ ಕೈಯಲ್ಲಿ ಹೊಲಿಯಲು 14 ಗಂಟೆಗೂ ಜಾಸ್ತಿ. ಮಿಷಿನ್‌ನಲ್ಲಿ ಹೆಚ್ಚುಕಡಿಮೆ ಒಂದೂಕಾಲು ಗಂಟೆ! ಹಾಗಾದರೆ ಉಳಿದ ಹದಿಮೂರು ಗಂಟೆ ಯಾರಿಗೆ ಸಿಕ್ಕಿತು?

ಕೂಲಿಗೆ ಹೊಲಿಯುತ್ತಿದ್ದ ಹೆಂಗಸರಿಗಂತೂ ಅಲ್ಲ. ಅವರಿಗೆ ಕೊಡುತ್ತಿದ್ದದ್ದು ಒಂದು ಬಟ್ಟೆಗೆ ಇಷ್ಟು ಅಂತ. ಶರ್ಟ್ ಬೇಗ ಆಗುತ್ತದೆ ಅಂದಮೇಲೆ ಒಂದೊಂದರ ಕೂಲಿ ಇಳಿಯಿತು. ಅದೇ ದುಡ್ಡಿಗೆ ಇನ್ನಷ್ಟು ಶರ್ಟ್ ಹೊಲಿಯಬೇಕಾಯಿತು, ಜೊತೆಗೆ ಮಿಷಿನ್ ಕಂತು ಬೇರೆ. ಉಳ್ಳವರ ಬಟ್ಟೆಗೆ ಮಾತ್ರ ನೆರಿಗೆ, ಅಂಚು, ಅಲಂಕಾರ ಹೆಚ್ಚುತ್ತಾ ಹೋಯಿತು. 1831ರಲ್ಲಿ ಪ್ಯಾರಿಸ್‌ನ ದರ್ಜಿಗಳು ಬಾರ್ತೆಲೆಮಿ ತಿಮೊನಿಯೆ ಎಂಬಾತನ ಹೊಲಿಗೆ ಯಂತ್ರಗಳನ್ನು ಒಡೆದು ಹಾಕಿದ್ದರು. ಅವರನ್ನು ಪ್ರಗತಿ ಅರ್ಥವಾಗದವರು ಅಂತ ಬೈಯುವುದು ಸುಲಭ. ನನಗೆ ಹಾಗೆ ಬೈಯಲು ಮನಸ್ಸು ಬರುವುದಿಲ್ಲ. ಅವರ ಭಯ ಸುಳ್ಳಾಗಿರಲಿಲ್ಲ, ಅಲ್ವಾ?

ಹಾಗಂತ ಮಿಷಿನ್ ಬೇಡ ಅನ್ನುತ್ತಿಲ್ಲ. ನನ್ನ ಅಮ್ಮ ಪೆಡಲ್ ಮಿಷಿನ್ ತುಳಿದೇ ನಮಗೆಲ್ಲ ಬಟ್ಟೆ ಹೊಲಿದವರು. ಕಾಜಾ, ಗುಂಡಿ ಮಾತ್ರ ಕೈಯಲ್ಲಿ. ಅಷ್ಟು ಹೊತ್ತಿಗೇ ಅವರ ಕಣ್ಣು ಕೆಂಪಾಗಿರುತ್ತಿತ್ತು. ಎಲ್ಲವನ್ನೂ ಕೈಯಲ್ಲೇ ಹೊಲಿಯಬೇಕಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಹೊಟ್ಟೆ ಕಿವುಚಿದಂತಾಗುತ್ತದೆ.

ನಾನು ಹೇಳುವುದು ಇಷ್ಟೇ. ಯಂತ್ರ ಹೊತ್ತು ಉಳಿಸುತ್ತದೆ, ಆ ಹೊತ್ತನ್ನು ಯಾರಿಗೂ ತಾನಾಗಿ ಹಂಚುವುದಿಲ್ಲ. ಬ್ರಿಟನ್‌ನ ಬಟ್ಟೆ ಗಿರಣಿಗಳಲ್ಲಿ 9 ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು ಅಂತ 1833ರಲ್ಲಿ ಕಾನೂನು ಬಂತು. ಒಂಬತ್ತು ವರ್ಷ ಅಂದರೆ ಮೂರು–ನಾಲ್ಕನೇ ಕ್ಲಾಸಿನ ಮಗು! ಹೆಂಗಸರಿಗೂ ಹದಿಹರೆಯದವರಿಗೂ ದಿನಕ್ಕೆ ಹತ್ತು ಗಂಟೆಯ ಮಿತಿ ಹಾಕಿದ ಕಾನೂನು ಬಂದದ್ದು 1847ರಲ್ಲಿ. ಕೈಗಾರಿಕೆಗಳಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಪ್ಪಂದ ಮಾಡಿದ್ದು 1919ರಲ್ಲಿ. ಇದ್ಯಾವುದೂ ಸುಮ್ನೆ ಸಿಕ್ಕಿದ್ದಲ್ಲ. ಜನ ಸಂಘ ಕಟ್ಟಿ, ಮುಷ್ಕರ ಹೂಡಿ, ಕೆಲಸ ಕಳೆದುಕೊಂಡು ಪಡೆದದ್ದು.

ಈಗ ಎರಡು ದಿನದ ಕೆಲಸ ಎರಡು ಗಂಟೆಯಲ್ಲಿ ಮುಗಿಸುವ ಸಾಫ್ಟ್‌ವೇರ್‌ಗಳು ಬಂದಿವೆ. ನಾನೂ ಬಳಸುತ್ತೇನೆ, ಖುಷಿಯಿಂದಲೇ. ಆದರೆ ಅವು ಬಂದಮೇಲೆ ನಿಮ್ಮ ಆಫೀಸಿನಲ್ಲಿ ಯಾರಾದರೂ ಬೇಗ ಮನೆಗೆ ಹೋಗುತ್ತಿದ್ದಾರಾ? ನಿಜವಾಗಿಯೂ ತಿಳಿಯಬೇಕಿದೆ, ಹೇಳಿ.