ಒಬ್ಬಳೇ ಓಟಗಾರ್ತಿಯ ಎರಡು ದಾಖಲೆ

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಕಾಕಾ ಓಟದ ಸುದ್ದಿಯನ್ನು ಒಂದೂ ಬಿಡದೆ ಓದುವವರು. ನಾನು ಲಂಡನ್ನಿಗೆ ಬಂದ ಮೇಲೆ, ಇಲ್ಲಿನ ಮ್ಯಾರಥಾನ್ ಮುಗಿದ ದಿನ ಅವರ ಫೋನು ಬರುವುದು ಖಾತ್ರಿ. 2025ರಲ್ಲಿ ಇಥಿಯೋಪಿಯಾದ ಟಿಗ್ಸ್ಟ್ ಅಸೆಫಾ 2 ಗಂಟೆ 15 ನಿಮಿಷ 50 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರೆಂದು ನಾನು ಹೇಳಿದರೆ ಅವರು ಒಪ್ಪಲಿಲ್ಲ. "ಅಕಿನ ಬರ್ಲಿನ್‌ನಾಗ 2 ತಾಸು 11 ನಿಮಿಷಕ್ಕ ಮುಗಿಸಿದ್ಲಲ್ಲೋ ತಮ್ಮಾ? ನಾಕ ನಿಮಿಷ ಹಿಂದ ಬಿದ್ರ ಅದು ಹೆಂಗ ದಾಖಲೆ ಆಕ್ಕೈತಿ?"

ಕಾಕಾ ಹೇಳಿದ ಲೆಕ್ಕ ಸರಿಯಾಗಿಯೇ ಇದೆ. 2023ರ ಬರ್ಲಿನ್‌ನಲ್ಲಿ ಅಸೆಫಾ ಅವರ ಸಮಯ 2:11:53. ಆದರೆ ಅಲ್ಲಿ ಗಂಡಸರೂ ಹೆಂಗಸರೂ ಒಟ್ಟಿಗೆ ಓಡುತ್ತಾರೆ. ಗಾಳಿಗೆ ಎದೆಯೊಡ್ಡಿ ವೇಗ ಕಾಯ್ದುಕೊಡುವ ಪುರುಷರು ಮುಂಚೂಣಿಯ ಓಟಗಾರ್ತಿಯ ಜೊತೆಗೆ ಕೊನೆಯವರೆಗೂ ಹೋಗಬಲ್ಲರು. ಲಂಡನ್ನಿನಲ್ಲಿ ಅಗ್ರ ಓಟಗಾರ್ತಿಯರನ್ನು ಗಂಡಸರಿಗಿಂತ ಸುಮಾರು ಅರ್ಧ ಗಂಟೆ ಮೊದಲೇ ಬಿಡುವುದರಿಂದ ಅಂಥ ಆಸರೆ ಯಾರಿಗೂ ಸಿಗದು. ಅದಕ್ಕೇ ಮಹಿಳೆಯರಿಗೆ ಮಿಶ್ರ ಓಟದ್ದೊಂದು, ಮಹಿಳೆಯರಷ್ಟೇ ಓಡಿದ್ದೊಂದು ಎಂದು ಎರಡು ದಾಖಲೆಗಳಿವೆ. ಬರ್ಲಿನ್ನಿನ ಸಪಾಟು ರಸ್ತೆ ಮತ್ತು ಆ ವರ್ಷದ ಲಂಡನ್ನಿನ ಬಿಸಿಲು, ಇವೆರಡನ್ನೂ ಆ ನಾಲ್ಕು ನಿಮಿಷದಲ್ಲಿ ಕಳೆಯಬೇಕು, ನಿಜ.

ಪುರುಷರಿಗೆ ಈ ತೊಡಕಿಲ್ಲ. 2023ರಲ್ಲಿ ಚಿಕಾಗೊದಲ್ಲಿ 2:00:35ಕ್ಕೆ ಓಡಿದ ಕೀನ್ಯಾದ ಕೆಲ್ವಿನ್ ಕಿಪ್ಟಮ್, ಮೊದಲರ್ಧಕ್ಕಿಂತ ಒಂದು ನಿಮಿಷ ಬೇಗ ಎರಡನೆಯ ಅರ್ಧವನ್ನು ಮುಗಿಸಿದರು. ಅಂಥವರಿಗೆ ಕೊನೆಯವರೆಗೆ ವೇಗ ಕಾಯ್ದುಕೊಡುವ ಇನ್ನೊಬ್ಬ ಗಂಡಸನ್ನು ಎಲ್ಲಿಂದ ತರುವುದು? ಅದೇ ಚಿಕಾಗೊದಲ್ಲಿ 2024ರಲ್ಲಿ ಕೀನ್ಯಾದ ಓಟಗಾರ್ತಿ ರೂತ್ ಚೆಪ್‌ನ್ಗೆಟಿಚ್ ಮಿಶ್ರ ಓಟದ ದಾಖಲೆಯನ್ನು 2:09:56ಕ್ಕೆ ಇಳಿಸಿದರು. ಮರುವರ್ಷ ಅವರಿಗೆ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಮೂರು ವರ್ಷದ ನಿಷೇಧವಾಯಿತು. ಸಿಕ್ಕಿಬಿದ್ದ ಮಾದರಿ ಆ ಓಟದ ನಂತರದ್ದಾದ್ದರಿಂದ ದಾಖಲೆಯನ್ನು ಅಳಿಸಲಿಲ್ಲ. ಆ ಅಂಕಿಯನ್ನು ಓದುವಾಗ ನನಗೆ ಮೊದಲಿನ ಖುಷಿಯಿಲ್ಲ.

2011ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟವು ಮಿಶ್ರ ಓಟದ ಸಮಯಗಳನ್ನು ದಾಖಲೆಯೆಂದೇ ಪರಿಗಣಿಸುವುದಿಲ್ಲವೆಂದು ಹೊರಟು, ಬ್ರಿಟನ್ನಿನ ಪೌಲಾ ರ‍್ಯಾಡ್‌ಕ್ಲಿಫ್ 2003ರಲ್ಲಿ ಓಡಿದ 2:15:25ನ್ನು ಕೆಳಗಿಳಿಸಲು ನೋಡಿ, ಟೀಕೆ ಜೋರಾದ ಮೇಲೆ ಹಿಂದೆ ಸರಿದಿತ್ತು. ಹಿಂದೆ ಸರಿದದ್ದು ಸರಿಯೇ, ಓಡಿದ್ದನ್ನು ಓಡಿಲ್ಲವೆನ್ನಲಾಗದು. ಆದರೂ ಎರಡರಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಲಂಡನ್ನಿನದೇ.

ನಮ್ಮ ಕಡೆಯ ರೂಢಿ ಬೇರೆ. ಹಿಂದೊಮ್ಮೆ ಊರಿಗೆ ಬಂದಾಗ ನೋಡಿದ ಓಟವೊಂದರಲ್ಲಿ ಹೆಣ್ಣುಮಕ್ಕಳನ್ನು ಗಂಡಸರ ಗುಂಪಿನ ಬೆನ್ನಿಗೆ ನಿಲ್ಲಿಸಿದ್ದರು. ಗೆದ್ದ ಹುಡುಗಿ ಗೆರೆ ದಾಟುವಷ್ಟರಲ್ಲಿ ಮೈಕಿನವನು ಗಂಡಸರ ಬಹುಮಾನ ಹಂಚುವುದರಲ್ಲಿ ಮುಳುಗಿದ್ದ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸಿನ ದಾರಿ ಸುಮಾರು 22 ಕಿಲೋಮೀಟರ್. ಹೋಗಿ ಬಂದರೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್. ಎತ್ತರದ ಧಾರವಾಡದಿಂದ ಇಳಿದದ್ದನ್ನು ಮರಳಿ ಏರಲೇಬೇಕಾದ್ದರಿಂದ ಇಳಿಜಾರಿನ ಲಾಭವೂ ಉಳಿಯದು. ಅಲ್ಲಿ ಹೆಣ್ಣುಮಕ್ಕಳನ್ನು ಅರ್ಧ ತಾಸು ಮೊದಲು ಬಿಡಬೇಕೆಂದೆ. "ಗಂಡಸರು ಉಣಕಲ್ ದಾಟೂದ್ರಾಗ ಹಿಡದಬಿಡ್ತಾರ" ಎಂದರು ಕಾಕಾ. ನಾನು ನಮ್ಮ ದೇಶದ ಇಬ್ಬರು ಮ್ಯಾರಥಾನ್ ಓಟಗಾರರ ಅಂಕಿ ಕೊಟ್ಟೆ: 1978ರಲ್ಲಿ ಜಾಲಂಧರಿನಲ್ಲಿ ಶಿವನಾಥ್ ಸಿಂಗ್ 2:12:00, 2015ರಲ್ಲಿ ಬೀಜಿಂಗ್‌ನಲ್ಲಿ ಓ. ಪಿ. ಜೈಶಾ 2:34:43. ಅವರಿಬ್ಬರನ್ನೇ ಆ ದಾರಿಗೆ ಬಿಟ್ಟಿದ್ದರೂ ಜೈಶಾ ಏಳು ನಿಮಿಷ ಮೊದಲು ಧಾರವಾಡಕ್ಕೆ ಮರಳಿರುತ್ತಿದ್ದರು.