ನಿಶ್ಚಯಕ್ಕೂ ಮದುವೆಗೂ ನಡುವೆ

ವಸಾಹತುಗಳ ಕಾಲದ ಪ್ರೇಮಕಥೆಗಳಲ್ಲಿ ಒಬ್ಬನಿಗೆ ಗೊತ್ತುಮಾಡಿದ ಹೆಣ್ಣು ಮತ್ತೊಬ್ಬನಿಗೆ ಸೇರಬೇಕಾದವಳಾಗಿರುತ್ತಾಳೆ. ಈ ಎಡವಟ್ಟು ಬಗೆಹರಿಯುವ ತನಕ ಕಥೆಯಲ್ಲಿ ಯಾರೂ ಬಾಯಿಬಿಟ್ಟು ಮಾತಾಡುವಂತಿಲ್ಲ. ಹದಿನೇಳನೆಯ ಶತಮಾನದ ನ್ಯೂ ಫ್ರಾನ್ಸ್‌ನಲ್ಲಿ, ಅಂದರೆ ಇಂದಿನ ಕೆನಡಾದ ಕ್ವಿಬೆಕ್ ಸೀಮೆಯಲ್ಲಿ, ಇಂಥ ಎಡವಟ್ಟುಗಳು ಬೇಕಾದಷ್ಟು ನಡೆದವು. ಆದರೆ ಅಲ್ಲಿ ಕಥೆಗಾರನ ಹೊಟ್ಟೆಯ ಮೇಲೆ ಹೊಡೆಯುವ ಒಬ್ಬ ವ್ಯಕ್ತಿಯಿದ್ದ. ಅವನು ಖಳನಾಯಕನಲ್ಲ, ಕಾಗದಪತ್ರ ಬರೆಯುವ ನೋಟರಿ.

1666ರಲ್ಲಿ ಅಲ್ಲಿನ ಆಡಳಿತಾಧಿಕಾರಿ ಝಾನ್ ತಾಲೋನ್ ನಡೆಸಿದ ಜನಗಣತಿಯ ಪ್ರಕಾರ ಇಡೀ ವಸಾಹತಿನಲ್ಲಿದ್ದ ಫ್ರೆಂಚರು 3,215 ಮಂದಿ. ಅವರಲ್ಲಿ ಗಂಡಸರು 2,034, ಹೆಂಗಸರು 1,181. ಈ ಅಂತರವನ್ನು ತುಂಬಲು ದೊರೆ ಹದಿನಾಲ್ಕನೆಯ ಲೂಯಿ 1663ರಿಂದ 1673ರವರೆಗೆ ಸುಮಾರು 800 ಹೆಣ್ಣುಮಕ್ಕಳನ್ನು ತನ್ನ ಖರ್ಚಿನಲ್ಲಿ ಹಡಗು ಹತ್ತಿಸಿ ಕಳುಹಿಸಿದ. ಅವರನ್ನು ‘ರಾಜನ ಹೆಣ್ಣುಮಕ್ಕಳು’ ಎಂದು ಕರೆಯುವ ವಾಡಿಕೆ ಇಂದಿಗೂ ಇದೆ. ಹಲವರು ತಂದೆಯನ್ನು ಕಳೆದುಕೊಂಡವರು, ಗಣನೀಯ ಸಂಖ್ಯೆಯವರು ಪ್ಯಾರಿಸ್ಸಿನ ಅನಾಥಾಲಯದಿಂದ ಬಂದವರು. ಒಬ್ಬೊಬ್ಬರಿಗೂ ಒಂದು ಪುಟ್ಟ ಪೆಟ್ಟಿಗೆ, ಅದರೊಳಗೆ ಬಾಚಣಿಗೆ, ಕತ್ತರಿ, ಕಾಲುಚೀಲ, ಬಿಳಿ ದಾರ, ನೂರು ಸೂಜಿ, ಸಾವಿರ ಗುಂಡುಸೂಜಿ. ಹಿಮದ ನಾಡಿಗೆ ಹೊರಟ ಹುಡುಗಿಗೆ ಸಾವಿರ ಗುಂಡುಸೂಜಿಯನ್ನು ಎಣಿಸಿಕೊಟ್ಟ ಅಧಿಕಾರಿ ಯಾರೋ, ಮನೆಯಲ್ಲಿ ಹೊಲಿಗೆ ಬಲ್ಲ ಹೆಂಗಸರ ಮಾತನ್ನು ಕೇಳಿದವನೇ ಇರಬೇಕು.

ಎಡವಟ್ಟು ಮೊದಲಾದದ್ದು ದೊರೆಯ ಯೋಜನೆಯಲ್ಲೇ. ಕಾಡು ಕಡಿದು ಹೊಲ ಮಾಡಬೇಕಾದ ಊರಿಗೆ ಪಟ್ಟಣದ ಹುಡುಗಿಯರು ಬಂದಿಳಿದರು. ದುಡಿಮೆ ತಡೆದುಕೊಳ್ಳಬಲ್ಲ ಹಳ್ಳಿಯವರನ್ನು ಕಳುಹಿಸಿ ಎಂದು ತಾಲೋನ್ ಬರೆದು ಕೇಳಿಕೊಂಡ. ಫ್ರಾನ್ಸಿನಲ್ಲಿ ಬೇರೆ ಗಂಡನಿದ್ದೂ ಹಡಗು ಹತ್ತಿದವರು ಇದ್ದಾರೆಂಬ ಭಯದಿಂದ, ಬರುವವರೆಲ್ಲ ಮದುವೆಗೆ ಅಡ್ಡಿಯಿಲ್ಲದವರೆಂಬ ಪ್ರಮಾಣಪತ್ರ ತರಬೇಕೆಂದೂ ಕೇಳಿದ. ಹಾಗೆಂದು ಗಂಡಸರನ್ನೂ ಅವನು ಸುಮ್ಮನೆ ಬಿಡಲಿಲ್ಲ. ಹಡಗು ಬಂದ ಹದಿನೈದು ದಿನಗಳೊಳಗೆ ಮದುವೆಯಾಗದ ಬ್ರಹ್ಮಚಾರಿಗಳಿಗೆ ಬೇಟೆಯ, ಮೀನು ಹಿಡಿಯುವ ಮತ್ತು ತುಪ್ಪಳದ ವ್ಯಾಪಾರದ ಹಕ್ಕಿಲ್ಲವೆಂದು ಅಪ್ಪಣೆ ಹೊರಡಿಸಿದ. ಅಪ್ಪಣೆ ಹೊರಡಿಸಿದ ಮಹಾಶಯ ಮಾತ್ರ ಬದುಕಿನುದ್ದಕ್ಕೂ ಅವಿವಾಹಿತನಾಗಿಯೇ ಉಳಿದ ಎಂಬುದನ್ನು ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಈ ಮದುವೆಗಳ ಬಗ್ಗೆ ಹೆಚ್ಚು ಪ್ರಚಾರ ಪಡೆದ ವರ್ಣನೆ ಲಾ ಓಂತಾನ್ ಎಂಬ ಸೈನಿಕ ಅಧಿಕಾರಿಯದು. ಹುಡುಗಿಯರನ್ನು ಮೂರು ಕೋಣೆಗಳಲ್ಲಿ ನಿಲ್ಲಿಸಿದ್ದರಂತೆ, ಗಂಡಸರು ಸಂತೆಯಲ್ಲಿ ಕುರಿ ಆರಿಸುವಂತೆ ಆರಿಸಿದರಂತೆ, ಚಳಿ ತಡೆಯಲೆಂದು ದಪ್ಪನೆಯವರಿಗೆ ಮೊದಲ ಬೇಡಿಕೆಯಂತೆ. ಈತ ಕೆನಡಾಕ್ಕೆ ಬಂದದ್ದು 1683ರಲ್ಲಿ, ಯೋಜನೆ ಮುಗಿದು ಹತ್ತು ವರ್ಷವಾದ ಮೇಲೆ. ಕಣ್ಣಾರೆ ನೋಡಿದವರ ಮಾತು ಬೇರೆಯೇ ಇದೆ. ಕ್ವಿಬೆಕ್‌ನ ಸನ್ಯಾಸಿನಿ ಮರಿ ದ ಲಾಂಕಾರ್ನಾಸ್ಯೋಂ ತಮ್ಮ ಪತ್ರದಲ್ಲಿ ತಿಳಿಸುವಂತೆ, ಆ ಹುಡುಗಿಯರು ಗಂಡಿನ ಬಳಿ ಮೊದಲು ವಿಚಾರಿಸುತ್ತಿದ್ದದ್ದು ಅವನಿಗೆ ವಾಸದ ನೆಲೆಯಿದೆಯೇ ಎಂಬುದನ್ನು. ನೆಲೆಯಿಲ್ಲದವನ ಕೈಹಿಡಿದವರು ಪಡುವ ಪಾಡನ್ನು ಕಂಡಿದ್ದ ಆಕೆಗೆ ಅದು ಜಾಣತನವೆಂದೇ ತೋರಿತ್ತು. ಅಂದರೆ ಅಲ್ಲಿ ನಡೆದದ್ದು ಹೆಣ್ಣು ನೋಡುವ ಶಾಸ್ತ್ರವಲ್ಲ, ಗಂಡು ನೋಡುವ ಶಾಸ್ತ್ರ. ಉಪ್ಪಿಟ್ಟು ಕೇಸರಿಬಾತುಗಳ ತಟ್ಟೆ ಹಿಡಿದು ತಲೆತಗ್ಗಿಸಿ ನಿಲ್ಲುವ ಪಾಳಿ, ಅಲ್ಲಿದ್ದಿದ್ದರೆ, ಗಂಡಿನದೇ ಆಗುತ್ತಿತ್ತು. ಮಾಂಟ್ರಿಯಲ್‌ನಲ್ಲಿ ಮಾರ್ಗರೀತ್ ಬೂರ್ಜ್ವಾ ಎಂಬ ಸಾಧ್ವಿ ಈ ಹುಡುಗಿಯರನ್ನು ತಮ್ಮ ಆಶ್ರಯದಲ್ಲಿಟ್ಟುಕೊಂಡು ಮನೆವಾರ್ತೆ ಕಲಿಸುತ್ತಿದ್ದರು. ಹೆತ್ತವರು ಸಾಗರದಾಚೆ ಇದ್ದಾಗ ಇಂಥ ಹಿರಿಯರೊಬ್ಬರ ಕಣ್ಣು ಇದ್ದದ್ದು ಸಣ್ಣ ಮಾತಲ್ಲ.

ಒಪ್ಪಿಗೆಯಾದ ಮೇಲೆ ಜೋಡಿ ನೋಟರಿಯ ಮುಂದೆ ಕುಳಿತು ಮದುವೆಯ ಕರಾರು ಬರೆಸುತ್ತಿತ್ತು: ಯಾರ ಆಸ್ತಿ ಎಷ್ಟು, ದೊರೆ ಕೊಡುವ ವರದಕ್ಷಿಣೆ ಎಷ್ಟು (ಸಾಮಾನ್ಯವಾಗಿ ಆ ಕಾಲದ ಫ್ರೆಂಚ್ ನಾಣ್ಯದಲ್ಲಿ 50 ಲಿವ್ರ್), ಗಂಡ ತೀರಿಕೊಂಡರೆ ಹೆಂಡತಿಗೇನು. ಓದುಬರಹ ಬಾರದವರ ಹೆಸರಿನ ಮುಂದೆ ಹಾಗೆಂದು ಬರೆದುಕೊಳ್ಳಲಾಗುತ್ತಿತ್ತು. ಇದು ನಮ್ಮ ನಿಶ್ಚಿತಾರ್ಥದ ಸ್ಥಾನದಲ್ಲಿದ್ದ ಕ್ರಿಯೆ. ಧಾರೆಯೆರೆಯುವ ಕೆಲಸ ಇಗರ್ಜಿಯದು. ಈ ಎರಡರ ನಡುವಿನ ದಿನಗಳಲ್ಲಿ ಮನಸ್ಸು ಬದಲಾದರೆ ಇಬ್ಬರೂ ಮತ್ತೆ ನೋಟರಿಯ ಬಳಿಗೆ ಹೋಗಿ, ಆ ಕರಾರನ್ನು ರದ್ದುಮಾಡಿಸಬಹುದಿತ್ತು. ಹಾಗೆ ರದ್ದುಮಾಡಿಸಿಕೊಂಡು, ಶಾಯಿ ಒಣಗುವಷ್ಟರಲ್ಲಿ ಇನ್ನೊಬ್ಬನೊಡನೆ ಕರಾರಿಗೆ ಕುಳಿತ ಹೆಣ್ಣುಗಳ ದಾಖಲೆಗಳು ಅಲ್ಲಿನ ಕಡತಗಳಲ್ಲಿ ಉಳಿದಿವೆ. ನಮ್ಮಲ್ಲಿ ಗೊತ್ತಾದ ಮದುವೆ ಮುರಿದರೆ ಎರಡು ಮನೆತನಗಳು ಒಂದು ತಲೆಮಾರು ಮಾತು ಬಿಡುತ್ತವೆ. ಅಲ್ಲಿ ಮಾತು ಬಿಡಲು ಮನೆತನಗಳೇ ಇರಲಿಲ್ಲ. ನಷ್ಟ ಕಥೆಗಾರನಿಗೆ ಮಾತ್ರ: ಒಂದು ರುಜುವಿನಿಂದ ತೀರುವ ತಪ್ಪನ್ನು ಎಷ್ಟೆಂದು ಎಳೆಯುವುದು?

ನಾನೇ ಇಂಥದೊಂದು ಕಥೆ ಬರೆಯುವುದಾದರೆ ಕರಾರಾದ ಮರುದಿನದಿಂದ ಶುರುಮಾಡುತ್ತೇನೆ. ಮನೆಯಿದೆ ಎಂದವನ ಮನೆಯನ್ನು ನೋಡಲು ಹುಡುಗಿ ಹೋಗುತ್ತಾಳೆ. ಅಲ್ಲಿ ಕಡಿದು ಕೆಡವಿದ ಮರಗಳಿವೆ, ಗೋಡೆಗಳು ಇನ್ನೂ ಅವನ ತಲೆಯಲ್ಲೇ ಇವೆ. ಆಕೆ ನೇರವಾಗಿ ನೋಟರಿಯ ಬಳಿಗೆ ನಡೆಯುತ್ತಾಳೆ. ಪಾಪದ ಗಂಡು ಹದಿನೈದು ದಿನಗಳಲ್ಲಿ ಎಷ್ಟು ಉಳಿದಿವೆಯೆಂದು ಲೆಕ್ಕಹಾಕುತ್ತ ಕೊಡಲಿ ಹುಡುಕಬೇಕು. ಇಲ್ಲವಾದರೆ ಹೆಂಡತಿಯ ಜೊತೆಗೆ ಆ ವರ್ಷದ ತುಪ್ಪಳದ ವ್ಯಾಪಾರವೂ ಕೈತಪ್ಪುತ್ತದೆ.